ಬಾಗಿಲಿಗೊಂದು ಚೀಲ

ಆಟೋದವನು ಪೆನ್‌ಡ್ರೈವ್ ಚುಚ್ಚಿ ಗುಂಡಿ ಒತ್ತಿದ್ದೇ ತಡ, ಮನೆಯೊಳಗೆ ಬೆಂಚಿನ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ್ದವನ ದನಿ ಆಟೋದ ನೆತ್ತಿಯಿಂದ ಬೀದಿಗೆಲ್ಲ ಕೇಳಿಸಿತು.

“ಅಕ್ಕಂದಿರೇ, ಅಣ್ಣಂದಿರೇ! ಯಾರೂ ಹೊರಗೆ ಬರಬೇಡಿ. ಬಾಗಿಲಿಗೊಂದು ಚೀಲ ತೂಗುಹಾಕಿ, ನಿಶ್ಚಿಂತೆಯಾಗಿ ಒಳಗಿರಿ. ನೆರವು ನಿಮ್ಮ ಬಾಗಿಲಿಗೇ ಬರುತ್ತೆ. ಬರುತ್ತೆ, ಖಂಡಿತ ಬರುತ್ತೆ!”

ಕುರ್ಚಿ ಇಳಿಸುತ್ತಿದ್ದವನ ಕೈಯಿಂದ ಕುರ್ಚಿ ಜಾರಿ ಬಿತ್ತು. ಬಾಗಿಲ ಬಳಿ ನಿಂತಿದ್ದ ಮಗಳು “ಅಪ್ಪಾ!” ಎಂದು ಚೀರಿದಳು. ಚೀರಿದವಳು ನೋಡಿದ್ದು ಆಟೋದ ಕಡೆಗಲ್ಲ, ಬೆಂಚಿನ ಕಡೆಗೆ. ಬೆಂಚಿನ ಪಕ್ಕ ನೆಲದ ಮೇಲೆ ಕೂತಿದ್ದ ಹೆಂಡತಿಯೂ ಅಷ್ಟೇ, ತಲೆಯೆತ್ತಿ ಮೊದಲು ನೋಡಿದ್ದು ಗಂಡನ ಬಾಯಿಯನ್ನು. ಅದು ಮುಚ್ಚಿಯೇ ಇತ್ತು.

ಆಟೋದವನು ವೈರು ಕಿತ್ತ. ಕಿತ್ತ ವೈರನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಓಡಿಬಂದ.

“ಅಕ್ಕಾ, ನನ್ನ ಕೈಗೆ ಹುಳ ಬೀಳಲಿ. ಎರಡು ನಿಮಿಷ ಯಾವುದಾದ್ರೂ ಸಮಾಧಾನದ ವಾದ್ಯ ಹಾಕೋಣ, ಆಮೇಲೆ ಸುದ್ದಿ ಹೇಳೋಣ ಅಂತಿದ್ದೆ. ಅದನ್ನ ಆವತ್ತೇ ಅಳಿಸಿಬಿಟ್ಟಿದ್ದೆ ಅಕ್ಕಾ, ದೇವರಾಣೆ.”

“ಇಷ್ಟು ಜನ ಇಷ್ಟು ವರ್ಷದಿಂದ ಅಳಿಸೋಕೆ ನೋಡ್ತಿದಾರೆ, ಅಳಿಸಿಲ್ಲ,” ಎಂದಳು ಅವಳು. “ನೀನು ಗುಂಡಿ ಒತ್ತಿದ್ರೆ ಅಳಿಸಿಹೋಗುತ್ತೇನೋ? ಹೋಗು, ನೀರು ಕುಡಿ.”

ಬೀದಿಯಲ್ಲಿ ಕುರ್ಚಿಗಳು ಸಾಲಾಗಿ ನಿಂತಿದ್ದವು. ಕೂತವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಈ ಮನುಷ್ಯ ಆಟೋದಲ್ಲಿ ಕೂತು, ಮೈಕು ಹಿಡಿದು, ಓಣಿ ಓಣಿ ತಿರುಗಿ ಸುದ್ದಿ ಮುಟ್ಟಿಸಿದವನು. ಜಗಳಗಂಟರ ಸಾವನ್ನೂ ಹೇಗೆ ಹೇಳುತ್ತಿದ್ದನೆಂದರೆ, ಕೇಳಿದವರು “ಛೆ, ಪಾಪ, ಒಳ್ಳೆಯವನೇ ಇದ್ದ” ಎಂದು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು. ಈಗ ಅವನ ಸುದ್ದಿ ಹೇಳುವವರೇ ಇಲ್ಲ, ನೋಡಿ.

ಗಂಡನ ಅಣ್ಣ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತರು. ಇಂಥ ಹೊತ್ತಿನಲ್ಲಿ ಎಲ್ಲ ಬೇಗ ಮುಗಿದರೆ ಸಾಕು ಅನ್ನುವ ಸ್ವಭಾವ ಅವರದು.

“ನೋಡಮ್ಮ, ಮೈಕು ಗೀಕು ಏನೂ ಬೇಡ. ಇದ್ದಷ್ಟು ಜನ ಸಾಕು, ಎತ್ತಿಬಿಡೋಣ. ಮೂಲೆ ಚಹದಂಗಡಿ ಮುಂದೆ ಬರ್ತಿದ್ದೆ. ‘ಬರುತ್ತಣ್ಣ ಹೋದನಂತೆ’ ಅಂತ ಒಬ್ಬ ಅಂದ. ಇನ್ನೊಬ್ಬ, ‘ಹೋದವನು ಮತ್ತೆ ಬರ್ತಾನಂತೋ?’ ಅಂದ. ಎಲ್ರೂ ನಕ್ರು. ಇದೇ ಬೇಕಾ ನಮಗೆ?”

“ಹಿಂದಿನ ಗಲ್ಲಿಯವರಿಗೆ ಗೊತ್ತಾಗಿದೆಯಾ ಭಾವ?”

“ಗೊತ್ತಾಗದೆ ಏನು. ಗೋಡೆಗೆ ಗೋಡೆ ಅಂಟಿಕೊಂಡಿದೆ.”

“ಯಾರಾದ್ರೂ ಬಂದ್ರಾ?”

ಭಾವ ಬಾಗಿಲ ಕಡೆ ನೋಡಿದರು. ಅವಳು ಗಂಡನ ಮೇಲಿನ ಬಟ್ಟೆಯ ಮಡಿಕೆ ಸರಿಮಾಡಿದಳು. ಹಿಂದಿನ ಗಲ್ಲಿಯ ದರ್ಜಿಯ ಹೆಂಡತಿ ಬರದೆ, ಅಲ್ಲಿಯ ಒಂದು ಜೀವವಾದರೂ ಹೊಸ್ತಿಲು ತುಳಿಯದೆ, ಈ ಮನುಷ್ಯನನ್ನು ಎತ್ತಿದರೆ ಅವನು ಸುಳ್ಳುಗಾರನಾಗಿಯೇ ಮಣ್ಣಿಗೆ ಹೋಗುತ್ತಾನೆ. ಅದೊಂದೇ ಅವಳ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು.

*

ಬರುತ್ತಣ್ಣ ಆಗುವ ಮೊದಲು ಅವನು ಮೈಕಣ್ಣ. ಸೀರೆ ಅಂಗಡಿಯ ರಿಯಾಯಿತಿ, ಸರ್ಕಸ್ಸಿನ ಕೊನೆಯ ಆಟ, ನಲ್ಲಿಯಲ್ಲಿ ನಾಳೆ ನೀರು ಬರುವುದಿಲ್ಲ, ಕಳೆದುಹೋದ ಮಗು ಕೆಂಪು ಅಂಗಿ ಹಾಕಿದೆ — ಎಲ್ಲದಕ್ಕೂ ಅವನದೇ ದನಿ. ಬೆಲ್ಲ ಹಚ್ಚಿದಂಥ ದನಿ. ಆದರೆ ಮಾತು ಅವನದಲ್ಲ, ಇದು ಗಂಡಹೆಂಡಿರಿಬ್ಬರಿಗೇ ಗೊತ್ತಿದ್ದ ಗುಟ್ಟು. ಯಾರು ಏನೇ ಬರೆದುಕೊಟ್ಟರೂ ಅವನು ಮೊದಲು ಅಡುಗೆಮನೆಗೆ ತಂದು ಓದುತ್ತಿದ್ದ. ಅವಳು ತರಕಾರಿ ಹೆಚ್ಚುತ್ತಲೇ ಕೇಳಿ, “ಇದೇನ್ರೀ ಇದು, ಕಲ್ಲು ಅಗಿದ ಹಾಗಿದೆ” ಅನ್ನುತ್ತಿದ್ದಳು. ಆಮೇಲೆ ಅವಳೇ ಅದನ್ನು ಬಾಯಿಗೆ ಹಿತವಾಗುವ ಹಾಗೆ ತಿರುಗಿಸಿ ಹೇಳಿಕೊಡುತ್ತಿದ್ದಳು. ನೀರಿನ ಕಚೇರಿಯವರು “ಜಲ ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದೆ” ಎಂದು ಬರೆದರೆ, ಮೈಕಿನಲ್ಲಿ “ತಾಯಂದಿರೇ, ಇವತ್ತೇ ಕೊಡ ತುಂಬಿಸಿಕೊಳ್ಳಿ” ಎಂದು ಬರುತ್ತಿತ್ತು.

“ಗಂಟಲು ನಂದು, ನಾಲಿಗೆ ನಿಂದು,” ಎಂದು ಅವನು ನಗುತ್ತಿದ್ದ.

“ಹೊಟ್ಟೆ ಇಬ್ಬರದು. ಮೊದಲು ಊಟ ಮಾಡಿ,” ಎಂದು ಅವಳು ತಟ್ಟೆ ಇಡುತ್ತಿದ್ದಳು.

ಊರಿಗೆ ಊರೇ ಬೀಗ ಹಾಕಿಕೊಂಡ ಆ ರೋಗದ ವರ್ಷ, ಕಚೇರಿಯಿಂದ ಒಂದು ಕಾಗದ ಬಂತು. ಬಾಯಿಗೆ ಬಟ್ಟೆ ಕಟ್ಟಿಕೊಂಡ ನೌಕರ ಅದನ್ನು ಕಿಟಕಿಯಿಂದಲೇ ಒಳಗೆ ತೂರಿ ಹೋದ. ಯಾರೂ ಮನೆ ಬಿಟ್ಟು ಹೊರಬರಕೂಡದು, ಅಂಗಡಿ ತೆರೆಯಕೂಡದು, ಎಂದು ಅದರಲ್ಲಿತ್ತು. ಕೊನೆಗೊಂದು ಸಾಲು: “ಬಾಧಿತ ಕುಟುಂಬಗಳಿಗೆ ಅಗತ್ಯ ನೆರವು ಒದಗಿಸುವ ಕುರಿತು ಪರಿಶೀಲಿಸಲಾಗುವುದು.”

“ಅಂದ್ರೆ?” ಎಂದಳು ಅವಳು, ಅಕ್ಕಿ ಆರಿಸುತ್ತ. “ಕೊಡ್ತಾರೋ ಇಲ್ವೋ?”

“ಕೊಡ್ತಾರೆ ಅಂತಲೇ ಇರಬೇಕು. ಕೊಡದೆ ಇರೋರು ಯಾಕೆ ಬರೀತಾರೆ?”

“ಹಾಗಿದ್ರೆ ಹಾಗೇ ಹೇಳಿ. ಜನ ಮೊದಲೇ ಹೆದರಿ ಸತ್ತಿದಾರೆ. ನೆರವು ನಿಮ್ಮ ಬಾಗಿಲಿಗೇ ಬರುತ್ತೆ ಅನ್ನಿ. ಕೈಯಿಂದ ಕೈಗೆ ಮುಟ್ಟಿಸೋ ಹಾಗಿಲ್ವಲ್ಲ, ಬಾಗಿಲಿಗೊಂದು ಚೀಲ ತೂಗುಹಾಕಿ ಅನ್ನಿ. ಅದರೊಳಗೆ ಹಾಕಿ ಹೋಗ್ತಾರೆ.”

“ಖಂಡಿತ ಅಂತ ಸೇರಿಸಲಾ?”

“ಸೇರಿಸಿ. ಕೇಳಿದೋರಿಗೆ ಧೈರ್ಯ ಬರ್ಲಿ.”

ಅವನು ಒಂದೇ ಉಸಿರಿಗೆ ಹೇಳಿ ರೆಕಾರ್ಡು ಮಾಡಿದ. ಅಷ್ಟು ಚೆಂದ ಅವನು ಹಿಂದೆಂದೂ ಹೇಳಿರಲಿಲ್ಲ. ಅವಳಿಗೂ ಹೆಮ್ಮೆಯೆನಿಸಿತ್ತು, ಸುಳ್ಳೇಕೆ ಹೇಳಬೇಕು.

*

ಅವಳು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಆಟೋ ತೆಗಿ,” ಎಂದಳು. “ಹಿಂದಿನ ಗಲ್ಲಿಗೆ ಹೋಗೋಣ. ನಾನೇ ಹೇಳ್ತೀನಿ.”

ಆಟೋದವನು ಭಾವನ ಮುಖ ನೋಡಿದ. ಭಾವ ಮಗಳ ಮುಖ ನೋಡಿದರು.

“ಅಮ್ಮಾ, ನಿಂಗೇನು ತಲೆ ಕೆಟ್ಟಿದೆಯಾ?” ಮಗಳು ಅಡ್ಡ ನಿಂತಳು. “ಅವರು ಅಪ್ಪನ್ನ ಏನೆಲ್ಲ ಅಂದ್ರು, ಮರೆತುಹೋಯ್ತಾ? ಮಕ್ಕಳು ಆಟೋ ಹಿಂದೆ ಓಡಿ ‘ಬರುತ್ತೆ, ಬರುತ್ತೆ’ ಅಂತ ಕೂಗ್ತಿದ್ರು. ಆ ಗಲ್ಲೀಲಿ ನೀನು ಕಾಲಿಟ್ಟು ಎಷ್ಟು ಕಾಲ ಆಯ್ತು? ತರಕಾರಿಗೂ ಸುತ್ತು ಬಳಸಿ ಹೋಗ್ತೀಯ.”

“ಅದಕ್ಕೇ ಇವತ್ತು ಹೋಗ್ಬೇಕು.”

“ಏನಂತ ಹೇಳ್ತೀಯ?”

“ನಿಮ್ಮಪ್ಪನಿಗೆ ಇಷ್ಟು ವರ್ಷ ಹೇಳಿಕೊಟ್ಟವಳು ನಾನು. ನಂಗೆ ಯಾರು ಹೇಳಿಕೊಡ್ಬೇಕು?”

ಮಗಳಿಗೆ ಇದು ಅರ್ಥವಾಗಲಿಲ್ಲ. ಅಪ್ಪ ಅದನ್ನು ಮಗಳಿಗೂ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಊರೆಲ್ಲ ಮುಖಕ್ಕೆ ಉಗಿದಾಗಲೂ “ಆ ಮಾತು ನನ್ನ ಹೆಂಡತಿಯದು” ಎಂದು ಒಮ್ಮೆ ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅನ್ನಲಿಲ್ಲ, ಪುಣ್ಯಾತ್ಮ. ಮನೆಯೊಳಗೆ, ಅವಳೊಬ್ಬಳೇ ಇದ್ದಾಗಲೂ ಅನ್ನಲಿಲ್ಲ. ಅಂದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

*

ಮೈಕಣ್ಣ ಹೇಳಿದನೆಂದರೆ ಮುಗಿಯಿತು. ಸಂಜೆಯೊಳಗೆ ಊರಿನ ಬಾಗಿಲುಗಳಿಗೆಲ್ಲ ಚೀಲ ಬಂದವು. ಚಿಲಕಕ್ಕೆ, ಮೊಳೆಗೆ, ಕಿಟಕಿಯ ಸರಳಿಗೆ. ಹಿಂದಿನ ಗಲ್ಲಿಯಲ್ಲಿ ಕೆಲವರ ಹತ್ತಿರ ಸರಿಯಾದ ಚೀಲವೂ ಇರಲಿಲ್ಲ. ಅಲ್ಲಿ ಒಬ್ಬ ದರ್ಜಿಯಿದ್ದ. ಅಂಗಡಿ ಮುಚ್ಚಿಸಿದ್ದರಿಂದ ಹೊಲಿಗೆ ಯಂತ್ರವನ್ನು ಮನೆಗೆ ತಂದಿಟ್ಟುಕೊಂಡಿದ್ದ. ಉಳಿದ ತುಂಡು ಬಟ್ಟೆಗಳನ್ನೆಲ್ಲ ಸೇರಿಸಿ, ಅಂಗಿಯ ಬೆನ್ನು ಒಂದು ಕಡೆ, ಪರದೆಯ ಅಂಚು ಒಂದು ಕಡೆ ಹಾಕಿ, ಗಲ್ಲಿಗೆಲ್ಲ ಚೀಲ ಹೊಲಿದುಕೊಟ್ಟ. ತನ್ನ ಮನೆಯ ಚೀಲಕ್ಕೆ ನೀಲಿ ಚೌಕಳಿ ಬಟ್ಟೆ, ಅದರ ಮೇಲೊಂದು ಅಂಗಿಯ ಜೇಬು. “ಅಕ್ಕಿ ಚೀಲದಲ್ಲಿರ್ಲಿ, ಚಿಲ್ಲರೆ ಜೇಬಲ್ಲಿರ್ಲಿ” ಎಂದು ನಗಿಸಿದನಂತೆ. ಹೆಂಡತಿ, ವಾಹನ ಸಿಗುವಾಗಲೇ ತವರಿಗೆ ಹೊರಟುಬಿಡೋಣ ಅಂದಳಂತೆ. “ಮೈಕಣ್ಣ ಹೇಳಿದಾನಲ್ಲೇ, ಬರುತ್ತೆ. ನಾವು ಹೊರಟ ಮೇಲೆ ಬಂದ್ರೆ?” ಎಂದನಂತೆ ದರ್ಜಿ.

ಬರಲಿಲ್ಲ. ಬಂದದ್ದು ಗಾಳಿ. ಸಂಜೆಯಾದರೆ ಖಾಲಿ ಬೀದಿಯಲ್ಲಿ ಗಾಳಿಯೆದ್ದು ಖಾಲಿ ಚೀಲಗಳು ಬಾಗಿಲಿಗೆ ಬಡಿಯುತ್ತಿದ್ದವು. ಪಟ್, ಪಟ್, ಪಟ್. ಒಳಗಿದ್ದವರಿಗೆ ಯಾರೋ ಬಾಗಿಲು ತಟ್ಟಿದ ಹಾಗೆ. ಪ್ರತಿ ಮನೆಯವರೂ ಎದ್ದು ಬಂದು ಬಾಗಿಲು ತೆಗೆದು ನೋಡುವರು, ಮುಚ್ಚಿಕೊಳ್ಳುವರು.

ಮೈಕಣ್ಣ ಆಟೋ ಹತ್ತಿ ಕಚೇರಿಯ ಗೇಟಿಗೆ ಹೋದ. ಈ ಸಲ ಮೈಕನ್ನು ಊರ ಕಡೆಗಲ್ಲ, ಕಚೇರಿಯ ಕಡೆಗೆ ತಿರುಗಿಸಿದ.

“ಅಂಗಡಿ ಮುಚ್ಚಿ ಅಂದ್ರಿ, ಮುಚ್ಚಿದ್ವಿ. ಹೊಟ್ಟೆ ಮುಚ್ಚೋದು ಹೇಗೆ ಅಂತಲೂ ಹೇಳಿಬಿಡಿ! ದರ್ಜಿಗೆ, ಕ್ಷೌರದವನಿಗೆ, ಗಾಡಿ ತಳ್ಳೋನಿಗೆ, ಮನೆಗೆಲಸದವಳಿಗೆ ಕೈಗೊಂದಿಷ್ಟು ದುಡ್ಡು ಕೊಡಿ. ಬಾಡಿಗೆ ಕೇಳ್ಬೇಡಿ ಅಂತ ಮನೆ ಮಾಲೀಕರಿಗೆ ಹೇಳಿ. ಸಾಲದ ಕಂತು ನಿಲ್ಲಿಸಿ. ನಿಮ್ಮನ್ನ ನಂಬಿ ನಾನು ಹೇಳಿದೀನಿ, ನನ್ನ ನಂಬಿ ಜನ ಕೂತಿದಾರೆ!”

ಒಳಗಿನಿಂದ ಒಬ್ಬ ಅಧಿಕಾರಿ ಬಂದು ದೂರದಲ್ಲೇ ನಿಂತು ಹೇಳಿದ: “ಕೊಡ್ತೀವಿ ಅಂತ ನಾವೆಲ್ಲಿ ಹೇಳಿದ್ವಪ್ಪ? ಪರಿಶೀಲಿಸ್ತೀವಿ ಅಂದಿದ್ವಿ. ಪರಿಶೀಲಿಸ್ತಾ ಇದೀವಿ.” ಆಮೇಲೆ ಮೈಕು ಕಿತ್ತುಕೊಂಡರು, ರೋಗ ಇಳಿದ ಮೇಲಷ್ಟೇ ವಾಪಸ್ಸು ಕೊಟ್ಟರು. ಮಾರನೆಯ ದಿನ ಅವನು ಮೈಕಿಲ್ಲದೆಯೇ ಹೋಗಿ ಬರೀ ಗಂಟಲಲ್ಲಿ ಕೂಗಿದ. ದಿನಾ ಹೋದ. ಬೆಲ್ಲದ ದನಿ ಒಡೆದು ಕರಟ ಉಜ್ಜಿದ ಹಾಗಾಯಿತು.

ದರ್ಜಿಗೆ ಮೊದಲು ಬಂದದ್ದು ಹಸಿವೋ ಜ್ವರವೋ ಯಾರಿಗೂ ತಿಳಿಯಲಿಲ್ಲ. ಅವನು ಸತ್ತ ಸುದ್ದಿ ಕೇಳಿ ಮೈಕಣ್ಣ ಓಡಿಹೋಗಿ ಆ ಬಾಗಿಲ ಮುಂದೆ ನಿಂತ. ನೀಲಿ ಚೀಲ ಚಿಲಕದಲ್ಲಿ ತೂಗುತ್ತಿತ್ತು. ಒಳಗಿಂದ ದರ್ಜಿಯ ಹೆಂಡತಿ ಬೈಯಲಿಲ್ಲ, ಶಾಪ ಹಾಕಲಿಲ್ಲ. ಬಾಗಿಲ ಸಂದಿಯಿಂದ ನೋಡಿ, “ಇನ್ನೂ ಬಂದಿಲ್ಲ ಮೈಕಣ್ಣ,” ಅಂದಳು. ಅಷ್ಟೇ ಅಂದಳು.

ಅಂದಿನಿಂದ ಈ ಮನೆಯಲ್ಲಿ ಒಂದು ಚೀಲವೂ ಮೊಳೆಗೆ ಬೀಳಲಿಲ್ಲ. ತೂಗುವ ಚೀಲ ಕಂಡರೆ ಅವನಿಗೆ ಆಗುತ್ತಿರಲಿಲ್ಲ, ಸದ್ದು ಕೇಳಿದರಂತೂ ಊಟದ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದ. ಅವಳು ಚೀಲಗಳನ್ನೆಲ್ಲ ಮಡಿಸಿ ಅಕ್ಕಿ ಡಬ್ಬದ ಕೆಳಗೆ ಅಡಗಿಸಿಟ್ಟಳು. ಏನು ಮಾಡಿದರೇನು? ರೋಗ ಹೋಯಿತು, ಅಂಗಡಿಗಳು ತೆರೆದವು, ಊರ ಬಾಗಿಲುಗಳಿಂದ ಚೀಲಗಳೂ ಒಂದೊಂದಾಗಿ ಇಳಿದವು. ಅವನ ಕಿವಿಯಿಂದ ಇಳಿಯಲಿಲ್ಲ. ಕಚೇರಿಯ ಗೇಟಿಗೆ ಹೋಗುವುದನ್ನೂ ಬಿಡಲಿಲ್ಲ. ಕಾವಲಿನವನು ಕನಿಕರದಿಂದಲೇ, “ಕಾಯಿಲೆ ಹೋಗಿ ಯಾವ ಕಾಲ ಆಯ್ತು, ಇನ್ನೇನು ನೆರವು ಯಜಮಾನ್ರೇ?” ಅನ್ನುತ್ತಿದ್ದ. “ಕಾಯಿಲೆ ಹೋಯ್ತು. ಆಡಿದ ಮಾತು ಎಲ್ಲಿ ಹೋಯ್ತು?” ಅನ್ನುತ್ತಿದ್ದ ಇವನು.

ಇವತ್ತು ಬೆಳಗ್ಗೆ ಹಾಲಿಗೆಂದು ಅವಳು ಎದ್ದಾಗ ಮುಂಬಾಗಿಲು ತೆರೆದಿತ್ತು. ಅವನು ಹೊಸ್ತಿಲ ಮೇಲೆ ಕೂತು ಬಾಗಿಲಿಗೆ ತಲೆಯಾನಿಸಿದ್ದ. ಯಾರೋ ತಟ್ಟಿದ ಸದ್ದು ಕೇಳಿ ಎದ್ದುಬಂದವನ ಹಾಗೆ ಒಂದು ಕೈ ಚಿಲಕದ ಮೇಲೇ ಇತ್ತು.

*

ಹಿಂದಿನ ಗಲ್ಲಿ ಹಾಗೇ ಇತ್ತು, ಆಟೋ ತುರುಕಿದರೆ ಎರಡೂ ಬದಿಯ ಗೋಡೆ ಸವರುವಷ್ಟು ಇಕ್ಕಟ್ಟು. ಏರುತ್ತಿದ್ದ ಬಿಸಿಲು. ಬಾಗಿಲುಗಳೆಲ್ಲ ಮುಚ್ಚಿದ್ದವು. ಅವಳು ಗಂಡ ಕೂರುತ್ತಿದ್ದ ಜಾಗದಲ್ಲಿ ಕೂತಳು. ಮೈಕಿನ ಹಿಡಿ ಅವನ ಬೆವರಿಗೆ ಸವೆದು ನುಣ್ಣಗಾಗಿತ್ತು.

“ಅಕ್ಕಾ, ಬಾಯಿಗೆ ತೀರ ಹತ್ತಿರ ಹಿಡೀಬೇಡಿ, ಶಿಳ್ಳೆ ಹೊಡೆಯುತ್ತೆ,” ಎಂದ ಆಟೋದವನು.

ಗಲ್ಲಿಯ ನಡುವೆ ದರ್ಜಿಯ ಮನೆ. ಚಿಲಕದಲ್ಲಿ ಆ ಚೀಲ ಇನ್ನೂ ತೂಗುತ್ತಿತ್ತು! ನೀಲಿ ಬಿಳಿಚಿ ಬೂದಿಯ ಬಣ್ಣಕ್ಕೆ ತಿರುಗಿತ್ತು, ಜೇಬು ಮಾತ್ರ ಗಟ್ಟಿಯಾಗಿ ನಿಂತಿತ್ತು. ಗಾಳಿಗೆ ಎದ್ದು ಬಾಗಿಲಿಗೆ ಬಡಿಯಿತು. ಪಟ್. ಗಂಡ ಇಷ್ಟು ವರ್ಷ ಕೇಳಿಸಿಕೊಂಡದ್ದು ಇದನ್ನೇ. ಅವನಿಗೆ ಭ್ರಮೆ ಎಂದು ಅವಳು ಎಷ್ಟು ಸಲ ಗದರಿದ್ದಳು.

“ನಿಲ್ಲಿಸು,” ಎಂದಳು. ಮೈಕು ಎತ್ತಿದಳು.

“ನಾನು ಮೈಕಣ್ಣನ ಹೆಂಡತಿ.” ತನ್ನ ದನಿ ಅಷ್ಟು ದೊಡ್ಡದಾಗಿ ಗೋಡೆಗೆ ತಾಕಿ ಹಿಂದಿರುಗಿದ್ದು ಕೇಳಿ ಅವಳೇ ಬೆಚ್ಚಿದಳು. “ಅವರು ಇವತ್ತು ಬೆಳಗ್ಗೆ ತೀರಿಕೊಂಡ್ರು. ಮಧ್ಯಾಹ್ನ ಎತ್ತುತ್ತೀವಿ.”

ಒಂದು ಬಾಗಿಲೂ ಅಲ್ಲಾಡಲಿಲ್ಲ. ಒಳಗೆಲ್ಲೋ ಪಾತ್ರೆ ತೊಳೆಯುವ ಸದ್ದು ನಿಂತಿತು. ಅಷ್ಟೇ.

“ಇನ್ನೊಂದು ಮಾತಿದೆ. ಬಾಗಿಲಿಗೆ ಚೀಲ ತೂಗುಹಾಕಿ ಅಂತ ಕಚೇರಿಯವರು ಬರೆದಿರಲಿಲ್ಲ. ಖಂಡಿತ ಬರುತ್ತೆ ಅಂತಲೂ ಬರೆದಿರಲಿಲ್ಲ. ನೋಡ್ತೀವಿ ಅಂತ ಬರೆದಿದ್ರು, ಅಷ್ಟೇ. ನೀವು ಹೆದರಬಾರ್ದು ಅಂತ ನಾನೇ ಹಾಗೆ ಹೇಳಿಸಿದೆ. ಗಂಟಲು ಮಾತ್ರ ಅವರದು, ಮಾತು ನಂದು. ಬೈಯೋರು ನನ್ನ ಬೈಯಿರಿ. ಅವರು ನಿಮಗೋಸ್ಕರ ಕೂಗಿ ಕೂಗಿ ಗಂಟಲು ಕಳಕೊಂಡ್ರು. ಅವರನ್ನ ಬರುತ್ತಣ್ಣ ಅನ್ನಬೇಡಿ.” ಅವಳು ಉಸಿರೆಳೆದುಕೊಂಡಳು. ದರ್ಜಿಯ ಬಾಗಿಲನ್ನೇ ನೋಡಿ ಹೇಳಿದಳು: “ಬರಲಿಲ್ಲ, ತಾಯಿ. ಬರೋದೂ ಇಲ್ಲ. ಇದನ್ನ ಅವರ ಬಾಯಲ್ಲಿ ಹೇಳೋಕಾಗಲಿಲ್ಲ. ನಾನು ಹೇಳೋಕೆ ಬಂದೆ.”

ಕಾದಳು. ಚೀಲ ಬಾಗಿಲಿಗೆ ಬಡಿಯಿತು, ಬಾಗಿಲು ತೆರೆಯಲಿಲ್ಲ. ಆಟೋದವನು ತೋಳಿನಿಂದ ಮುಖ ಒರೆಸಿಕೊಂಡು, “ಹೋಗೋಣ್ವಾ ಅಕ್ಕಾ?” ಎಂದ. ತಿರುಗಿಸಲು ಜಾಗವಿಲ್ಲದೆ ಆಟೋ ಹಿಂದಕ್ಕೇ ಸರಿಯುತ್ತ ಗಲ್ಲಿಯಿಂದ ಹೊರಬಂತು.

*

ಮಧ್ಯಾಹ್ನ ಎತ್ತಿದರು. ಭಾವ, ಅಳಿಯ, ಆಟೋದವನು, ಪಕ್ಕದ ಮನೆಯವರು ಹೆಗಲು ಕೊಟ್ಟರು. ಹಿಂದಿನ ಗಲ್ಲಿಯಿಂದ ಯಾರೂ ಬರಲಿಲ್ಲ. ಮನೆಗೆ ಬೀಗ ಹಾಕಿ ಎಲ್ಲರೂ ಹೊರಟರು. ಚಹದಂಗಡಿಯ ಮುಂದೆ ಹೋಗುವಾಗ ಯಾರೂ ನಗಲಿಲ್ಲ. ಒಬ್ಬ ಎದ್ದು ನಿಂತ. ಗ್ಲಾಸು ಕೆಳಗಿಡಲು ಮರೆತು ಹಾಗೇ ನಿಂತಿದ್ದ.

ಗಲ್ಲಿಯ ಬಾಯಿ ದಾಟುವಾಗ ಅವಳು ತಡೆಯಲಾರದೆ ಅತ್ತ ಕಣ್ಣು ಹಾಯಿಸಿದಳು. ದರ್ಜಿಯ ಬಾಗಿಲು ಅರ್ಧ ತೆರೆದಿತ್ತು. ಚಿಲಕ ಬರಿದಾಗಿತ್ತು. ಚೀಲ ಇರಲಿಲ್ಲ.

ಅವಳು ನಡುಬೀದಿಯಲ್ಲಿ ನಿಂತುಬಿಟ್ಟಳು. ಮಗಳು ರಟ್ಟೆ ಹಿಡಿದಳು. “ಏನಾಯ್ತಮ್ಮ?”

“ಕಿತ್ತು ಬಿಸಾಕಿದಳು ಕಣೇ,” ಎಂದಳು. “ಒಲೆಗೇ ಹಾಕಿದಳೋ ಏನೋ. ಹಾಕ್ಲಿ. ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ.” ಮಗಳು ಯಾವುದು, ಏನು ಎಂದು ಕೇಳಲಿಲ್ಲ. ಬೆಳಗ್ಗೆ ಮೈಕಿನ ಮಾತು ಮನೆಯವರೆಗೂ ಕೇಳಿಸಿತ್ತು. ತಾಯಿಯ ರಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ನಡೆದಳು.

ಮಣ್ಣು ಹಾಕುವಾಗ ಅವಳು ಅಳಲಿಲ್ಲ. ಅಲ್ಲಿ ಗಾಳಿಯಿರಲಿಲ್ಲ, ಬಾಗಿಲುಗಳಿರಲಿಲ್ಲ. ಇನ್ನಾದರೂ ನಿದ್ದೆ ಮಾಡ್ರೀ, ಎಂದು ಮನಸ್ಸಿನಲ್ಲೇ ಅಂದಳು.

ವಾಪಸ್ಸು ಬರುವಾಗ ಸಂಜೆಯ ಗಾಳಿ ಎದ್ದಿತ್ತು. ಬೀದಿಯಲ್ಲಿ ಕಾಗದದ ಚೂರುಗಳು ಓಡುತ್ತಿದ್ದವು, ಯಾರದೋ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆ ಪಟಪಟ ಅನ್ನುತ್ತಿತ್ತು. ಬೀಗದ ಕೈ ಹಿಡಿದು ಮುಂದೆ ಹೋದ ಮಗಳು ಬಾಗಿಲ ಹತ್ತಿರ ಗಕ್ಕನೆ ನಿಂತಳು.

“ಅಮ್ಮಾ...”

ಬಾಗಿಲ ಚಿಲಕದಲ್ಲಿ ಒಂದು ಚೀಲ ತೂಗುತ್ತಿತ್ತು. ಬಿಳಿಚಿದ ನೀಲಿ ಚೌಕಳಿ, ಮೇಲೊಂದು ಅಂಗಿಯ ಜೇಬು. ಹಿಡಿಕೆ ಭಾರಕ್ಕೆ ಜಗ್ಗಿ ಬಿಗಿದುಕೊಂಡಿತ್ತು. ಒಳಗಿಂದ ಬಿಸಿ ಅನ್ನದ ಹಬೆ ಬಟ್ಟೆಯನ್ನು ಒದ್ದೆಯಾಗಿಸಿತ್ತು.

ಅವಳು ಕೈ ಚಾಚಿದಳು, ಮುಟ್ಟಲು ಧೈರ್ಯವಾಗಲಿಲ್ಲ. ಗಾಳಿ ಬೀದಿಯ ಉದ್ದಕ್ಕೂ ಬೀಸಿಕೊಂಡು ಬಂತು, ಅವಳ ಸೆರಗು ಹಾರಿಸಿತು, ಕಿಟಕಿಯ ರೆಕ್ಕೆಯನ್ನು ಗೋಡೆಗೆ ಬಡಿಯಿತು. ಚೀಲ ಅಲ್ಲಾಡಲಿಲ್ಲ.